ಮುದ್ರೆಯೂ ನಂಬಿಕೆಯೂ: ಕೊಳಗಲ್ಲಿನ ಶಿಲಾಶಾಸನ ಮತ್ತು ಇ-ಮೇಲಿನ ‘ವೈರಸ್ ಇಲ್ಲ’ ಎಂಬ ಒಕ್ಕಣೆ

೧

ಲೇಖವೊಂದು ಕೈಗೆ ಬಂದಾಗ ಅದು ಏನು ಹೇಳುತ್ತದೆ ಎಂದು ಕೇಳುವುದಕ್ಕೆ ಮೊದಲು, ಅದನ್ನು ನಂಬಬಹುದೇ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗೆ ಮೊದಲ ಪಾಠ. ಶಾಸನಗಳನ್ನೂ ಕಡತಗಳನ್ನೂ ಓದುವವರಿಗೆ ಇದು ಹೊಸ ಮಾತಲ್ಲ. ಆದರೆ ಇದೇ ಪ್ರಶ್ನೆ ಇಂದು ಕಾಲೇಜಿನ ಪ್ರತಿಯೊಬ್ಬ ಅಧ್ಯಾಪಕನ ಮುಂದೆಯೂ ವಿದ್ಯಾರ್ಥಿಯ ಮುಂದೆಯೂ ದಿನಕ್ಕೆ ಹಲವು ಬಾರಿ ಬಂದು ನಿಲ್ಲುತ್ತದೆ. ಶಾಸನದ ಪಡಿಯಚ್ಚಿನ ಛಾಯಾಚಿತ್ರ, ಹಸ್ತಪ್ರತಿಯ ಪುಟಗಳು, ವಿಶ್ವವಿದ್ಯಾನಿಲಯದ ಸುತ್ತೋಲೆ, ಸಂಬಳದ ಪಟ್ಟಿ ಇವೆಲ್ಲವೂ ಇ-ಮೇಲಿಗೆ ಲಗತ್ತಾಗಿ ಬರುತ್ತವೆ. ಅಂಥ ಪತ್ರಗಳಲ್ಲಿ ಹಲವದರ ಅಡಿಯಲ್ಲಿ ಒಂದು ಒಕ್ಕಣೆ ಇರುವುದನ್ನು ಓದುಗರು ಕಂಡಿರಬಹುದು: ಈ ಪತ್ರವನ್ನು ಇಂಥ ತಂತ್ರಾಂಶವು ಪರೀಕ್ಷಿಸಿದೆ, ಇದರಲ್ಲಿ ವೈರಸ್ ಇಲ್ಲ.

ಈ ಒಕ್ಕಣೆಯಿಂದ ಓದುವವನಿಗೆ ಲಾಭವುಂಟೇ, ಅಥವಾ ಅದು ಇಲ್ಲದ ಧೈರ್ಯವನ್ನು ತುಂಬಿ ಅವನ ಎಚ್ಚರವನ್ನು ಕುಂದಿಸುತ್ತದೆಯೇ ಎಂಬುದು ಪ್ರಕೃತ ಲೇಖನದ ವಿಚಾರ. ಇದು ಗಣಕಶಾಸ್ತ್ರಜ್ಞರಿಗೆ ಬಿಡತಕ್ಕ ವಿಷಯವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಲೇಖದ ಮೇಲೆ ದೃಢೀಕರಣದ ಗುರುತನ್ನಿಡುವ ಪದ್ಧತಿಯೂ, ಆ ಗುರುತನ್ನೇ ಅನುಕರಿಸಿ ವಂಚಿಸುವ ಪದ್ಧತಿಯೂ ನಮ್ಮ ನಾಡಿನಲ್ಲಿ ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯನ್ನು ಹೊಂದಿವೆ. ಆ ಚರಿತ್ರೆಯನ್ನು ಬಲ್ಲವನಿಗೆ ಇ-ಮೇಲಿನ ಒಕ್ಕಣೆಯ ಸ್ವರೂಪವು ಬೇಗ ತಿಳಿಯುತ್ತದೆ. ಆದುದರಿಂದ ಬಳ್ಳಾರಿಯ ಸಮೀಪದ ಒಂದು ಶಿಲಾಶಾಸನದಿಂದ ಈ ವಿಚಾರವನ್ನು ಆರಂಭಿಸುವುದು ಯುಕ್ತವೆಂದು ತೋರುತ್ತದೆ.

೨

ಬಳ್ಳಾರಿ ನಗರಕ್ಕೆ ಹತ್ತಿರವಿರುವ ಕೊಳಗಲ್ಲು ರಾಷ್ಟ್ರಕೂಟರ ಇತಿಹಾಸವನ್ನು ಓದಿದವರಿಗೆ ಪರಿಚಿತವಾದ ಹೆಸರು. ಮುಮ್ಮಡಿ ಕೃಷ್ಣನು ತೀರಿಕೊಂಡುದನ್ನೂ ಅವನ ತಮ್ಮ ಖೊಟ್ಟಿಗನು ಪಟ್ಟಕ್ಕೆ ಬಂದುದನ್ನೂ ತಿಳಿಸುವ ಶಾಸನವು ದೊರೆತದ್ದು ಇಲ್ಲಿ. ಗೌಡದೇಶದ ವರೇಂದ್ರಿಯಿಂದ ಬಂದ ಗದಾಧರನೆಂಬ ತಪಸ್ವಿಯ ಹೆಸರೂ ಅವನು ಮಾಡಿಸಿದ ಕಾರ್ತಿಕೇಯನ ಪ್ರತಿಷ್ಠೆಯೂ ಆ ಶಾಸನದಲ್ಲಿ ಬರುತ್ತವೆ. ಬಂಗಾಳದ ಒಬ್ಬ ತಪಸ್ವಿಯು ಬಳ್ಳಾರಿಯ ಬಂಡೆಗಳ ನಡುವೆ ಬಂದು ನೆಲೆಸಿದನೆಂಬುದು ಸ್ವತಃ ಕುತೂಹಲಕರವಾದ ಸಂಗತಿ. ಆದರೆ ನಮ್ಮ ವಿಚಾರಕ್ಕೆ ಮುಖ್ಯವಾದುದು ಶಾಸನದ ಕಾಲನಿರ್ದೇಶ.

ಶಾಸನದ ತಿಥಿಯು ಶಕವರ್ಷ ೮೮೯, ಕ್ಷಯ ಸಂವತ್ಸರದ ಫಾಲ್ಗುಣ ಶುದ್ಧ ಷಷ್ಠಿ, ಆದಿತ್ಯವಾರ. ಇದು ಕ್ರಿ.ಶ. ೯೬೭ನೆಯ ಇಸವಿ ಫೆಬ್ರವರಿ ೧೭ಕ್ಕೆ ಸರಿಹೊಂದುತ್ತದೆ. ಆ ದಿನ ಯಾವ ವಾರವಾಗಿದ್ದಿತೆಂಬುದನ್ನು ಕಾಗದ ಲೆಕ್ಕಣಿಕೆ ಹಿಡಿದು ಯಾರು ಬೇಕಾದರೂ ಇಂದು ಲೆಕ್ಕ ಹಾಕಬಹುದು. ಲೆಕ್ಕ ಹಾಕಿದರೆ ಆದಿತ್ಯವಾರವೇ ಬರುತ್ತದೆ. ಚಂದ್ರನ ಗತಿಯನ್ನು ಹಿಂದಕ್ಕೆ ಎಣಿಸಿದರೆ ಅಮಾವಾಸ್ಯೆಯು ಕಳೆದು ಐದು ದಿನ ಮೀರಿ ಷಷ್ಠಿ ತಿಥಿಯೂ ಬರುತ್ತದೆ. ಷಷ್ಠಿಯು ಕಾರ್ತಿಕೇಯನ ಪೂಜೆಗೆ ಪ್ರಶಸ್ತವಾದ ತಿಥಿಯೆಂಬುದೂ ಇಲ್ಲಿ ಗಮನಾರ್ಹ. ಹೀಗೆ ವಾರ, ತಿಥಿ, ಸಂವತ್ಸರ, ಪ್ರತಿಷ್ಠೆಯ ದೇವತೆ ಇವೆಲ್ಲವೂ ಒಂದನ್ನೊಂದು ಸಮರ್ಥಿಸುತ್ತವೆ.

ಈ ಶಾಸನವನ್ನು ನಾವು ನಂಬುವುದು ಅದು ತನ್ನನ್ನು ತಾನು ಸತ್ಯವೆಂದು ಹೇಳಿಕೊಂಡಿರುವುದರಿಂದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಅದನ್ನು ಬರೆಯಿಸಿದವನ ಕೈಗೆ ಎಟುಕದ ಎರಡು ಸಾಕ್ಷಿಗಳು ಅದಕ್ಕುಂಟು. ಒಂದು, ಆಕಾಶದ ಗತಿ. ಇನ್ನೊಂದು, ಊರು. ಕಲ್ಲು ಹೊತ್ತೊಯ್ಯಲು ಭಾರವಾದುದು. ಅದು ದೇವಾಲಯದ ಎದುರಿನಲ್ಲಿಯೋ ಊರ ನಡುವಿನಲ್ಲಿಯೋ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲುತ್ತದೆ. ಸುಳ್ಳು ದಾನವನ್ನು ಕಲ್ಲಿನ ಮೇಲೆ ಕೊರೆದು ನಿಲ್ಲಿಸಿದರೆ, ಯಾರ ಹೊಲವನ್ನು ಅದು ಕಸಿಯುವುದೋ ಅವರೇ ಬಂದು ಅದರ ಮುಂದೆ ನಿಂತು ಪ್ರಶ್ನಿಸುವರು. ಕಲ್ಲಿನಲ್ಲಿ ಕೂಟಶಾಸನಗಳೇ ಇಲ್ಲವೆಂದು ಹೇಳಲಾಗದು. ಆದರೆ ಕೂಟಶಾಸನಗಳ ಪಟ್ಟಿಯನ್ನು ನೋಡಿದರೆ ಅವುಗಳಲ್ಲಿ ತಾಮ್ರಪಟಗಳೇ ಬಹುಸಂಖ್ಯೆಯಲ್ಲಿರುವುದು ಕಂಡುಬರುತ್ತದೆ. ಇದಕ್ಕೆ ಕಾರಣವನ್ನು ಹುಡುಕಬೇಕು.

೩

ತಾಮ್ರಪಟವು ಕಲ್ಲಿಗಿಂತ ಭಿನ್ನವಾದ ವಸ್ತು. ಅದು ಸಂಚರಿಸುವ ಲೇಖ. ದಾನ ಪಡೆದವನು ಅದನ್ನು ಮನೆಯಲ್ಲಿಟ್ಟುಕೊಳ್ಳುವನು. ವ್ಯಾಜ್ಯ ಬಂದಾಗ ಅಧಿಕಾರಿಯ ಮುಂದೆ ತಂದು ತೋರುವನು. ಮಕ್ಕಳಿಗೂ ಮೊಮ್ಮಕ್ಕಳಿಗೂ ಬಿಟ್ಟುಹೋಗುವನು. ಸಂಚರಿಸುವ ಲೇಖಕ್ಕೆ ಊರಿನ ಸಾಕ್ಷಿ ಇಲ್ಲ. ಆದುದರಿಂದ ಸಾಕ್ಷಿಯನ್ನು ಅದು ತನ್ನ ಸಂಗಡವೇ ಕೊಂಡೊಯ್ಯಬೇಕಾಗುತ್ತದೆ. ಈ ಅಗತ್ಯದಿಂದ ಹುಟ್ಟಿದುದು ಮುದ್ರೆ.

ದಾನಶಾಸನವು ಹೇಗಿರಬೇಕೆಂಬುದನ್ನು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಬಟ್ಟೆಯ ಮೇಲಾಗಲಿ ತಾಮ್ರದ ಮೇಲಾಗಲಿ ಬರೆಯಿಸಿ, ದಾನಿಯ ವಂಶವನ್ನೂ ದಾನದ ಪ್ರಮಾಣವನ್ನೂ ಎಲ್ಲೆಗಳನ್ನೂ ನಮೂದಿಸಿ, ರಾಜನ ಸ್ವಹಸ್ತದ ಗುರುತು, ಕಾಲ, ಮುದ್ರೆ ಇವುಗಳಿಂದ ಅದನ್ನು ಸ್ಥಿರಪಡಿಸಬೇಕೆಂಬುದು ಅದರ ಆಶಯ. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳ್ವಿಕೆಯಲ್ಲಿ ಇದ್ದವನು. ಕನ್ನಡ ನಾಡಿನ ಅರಸರು ಈ ವಿಧಿಯನ್ನು ಬಹುಮಟ್ಟಿಗೆ ಪಾಲಿಸಿದುದು ಕಂಡುಬರುತ್ತದೆ. ತಾಮ್ರದ ಹಲಗೆಗಳಿಗೆ ರಂಧ್ರ ಕೊರೆದು, ಅವುಗಳ ಮೂಲಕ ಒಂದು ಬಳೆಯನ್ನು ಪೋಣಿಸಿ, ಬಳೆಯ ಎರಡು ತುದಿಗಳನ್ನೂ ಮುದ್ರೆಯ ಬುಡದಲ್ಲಿ ಬೆಸೆಯುತ್ತಿದ್ದರು. ಮುದ್ರೆಯಲ್ಲಿ ಕದಂಬರಿಗೆ ಸಿಂಹ, ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ.

ಈ ಏರ್ಪಾಡಿನ ಉದ್ದೇಶ ಸ್ಪಷ್ಟವಾಗಿದೆ. ಬಳೆಯನ್ನು ಕತ್ತರಿಸದೆ ನಡುವಣ ಹಲಗೆಯೊಂದನ್ನು ತೆಗೆದು ಬೇರೊಂದನ್ನು ಸೇರಿಸಲು ಬರುವುದಿಲ್ಲ. ಆದುದರಿಂದಲೇ ತಾಮ್ರಪಟಗಳನ್ನು ಪ್ರಕಟಿಸಿದ ವಿದ್ವಾಂಸರು, ಅವು ತಮ್ಮ ಕೈಗೆ ಬಂದಾಗ ಬಳೆಯು ಅಖಂಡವಾಗಿದ್ದಿತೇ ಕತ್ತರಿಸಿದ್ದಿತೇ ಎಂಬುದನ್ನು ತಪ್ಪದೆ ಬರೆದಿಡುತ್ತಿದ್ದರು. ಅಂದರೆ, ಮುದ್ರೆಯು ಇದೆಯೆಂಬುದಷ್ಟೇ ಅವರಿಗೆ ಸಾಲದು. ಮುದ್ರೆಗೂ ಬರಹಕ್ಕೂ ಬಿಡಿಸಲಾರದ ಸಂಬಂಧವಿದೆಯೇ ಎಂಬುದೇ ಅವರ ಪ್ರಶ್ನೆಯಾಗಿದ್ದಿತು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಇ-ಮೇಲಿನ ವಿಚಾರದಲ್ಲಿ ಇದೇ ಭೇದವು ನಿರ್ಣಾಯಕವಾಗುವುದು.

೪

ಮುದ್ರೆಯನ್ನು ನಂಬುವ ಜನರಿದ್ದಲ್ಲಿ ಮುದ್ರೆಯನ್ನು ಮಾಡಿಕೊಳ್ಳುವ ವಂಚಕರೂ ಇರುತ್ತಾರೆ. ಮನುಸ್ಮೃತಿಯು ಕೂಟಶಾಸನವನ್ನು ರಚಿಸುವವರಿಗೆ ಮರಣದಂಡನೆಯನ್ನು ವಿಧಿಸಿರುವುದರಿಂದಲೇ ಆ ಅಪರಾಧವು ಪುರಾತನವೆಂದು ತಿಳಿಯುತ್ತದೆ. ಏಳನೆಯ ಶತಮಾನದಲ್ಲಿ ಹರ್ಷವರ್ಧನನು ಹೊರಡಿಸಿದ ಮಧುಬನ್ ತಾಮ್ರಶಾಸನವು ಇದಕ್ಕೆ ಪ್ರತ್ಯಕ್ಷ ನಿದರ್ಶನ. ವಾಮರಥ್ಯನೆಂಬ ಬ್ರಾಹ್ಮಣನು ಸೋಮಕುಂಡಕಾ ಗ್ರಾಮವನ್ನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನೆಂದೂ, ಆ ಶಾಸನವನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ದತ್ತಿ ಬಿಡಲಾಯಿತೆಂದೂ ಅದರಲ್ಲಿ ಹೇಳಿದೆ. ಅರಸನ ದೃಷ್ಟಿ ಅದರ ಮೇಲೆ ಬೀಳುವವರೆಗೂ ಆ ಗ್ರಾಮದ ಆದಾಯವು ಸುಳ್ಳು ತಾಮ್ರಪಟವೊಂದಕ್ಕೆ ಸಲ್ಲುತ್ತಿದ್ದಿತು. ಸುಳ್ಳು ಗುರುತಿನ ನಷ್ಟವು ಅದನ್ನು ಮಾಡಿದವನಿಗಲ್ಲ, ಅದನ್ನು ನಂಬಿದವನಿಗೆ ಎಂಬುದು ಇದರಿಂದ ವಿದಿತವಾಗುತ್ತದೆ.

ಕರ್ನಾಟಕದಲ್ಲಿ ಈ ವಿಷಯದ ಚರ್ಚೆಯು ಗಂಗರ ತಾಮ್ರಪಟಗಳ ಸಂಬಂಧವಾಗಿ ತೀವ್ರವಾಗಿ ನಡೆಯಿತು. ಜೆ. ಎಫ್. ಫ್ಲೀಟ್ ಅವರು ಗಂಗರ ಆದಿಕಾಲದವೆಂದು ಹೇಳಿಕೊಳ್ಳುವ ತಾಮ್ರಪಟಗಳನ್ನು ಲಿಪಿ, ಭಾಷೆ, ತಿಥಿ ಇವುಗಳ ಆಧಾರದ ಮೇಲೆ ಪರೀಕ್ಷಿಸಿ, ಬಹುಪಾಲು ಕೂಟವೆಂದು ನಿರ್ಣಯಿಸಿದರು. ಬಿ. ಎಲ್. ರೈಸ್ ಅವರು ಅವುಗಳ ಪರವಾಗಿ ವಾದಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕೂಟವೆಂದು ತೋರಿದ ಶಾಸನಗಳಲ್ಲಿ ಆಡಂಬರಕ್ಕೆ ಕೊರತೆ ಇರಲಿಲ್ಲ. ವಂಶಾವಳಿ, ಬಿರುದುಗಳು, ದತ್ತಿಯನ್ನು ಅಪಹರಿಸಿದವನಿಗೆ ಶಾಪವನ್ನು ಹೇಳುವ ಶ್ಲೋಕಗಳು ಎಲ್ಲವೂ ಇದ್ದವು. ಶಾಪಶ್ಲೋಕವನ್ನು ನೈಜಶಾಸನದಿಂದ ನಕಲು ಮಾಡುವುದಕ್ಕೆ ತಾಮ್ರವೂ ಉಳಿಯೂ ಇದ್ದರೆ ಸಾಕು. ನಕಲು ಮಾಡಬರುವ ಗುರುತು ಎಷ್ಟೇ ಗಂಭೀರವಾಗಿದ್ದರೂ ಪ್ರಮಾಣವಾಗಲಾರದು.

ಶಿವಮೊಗ್ಗ ಜಿಲ್ಲೆಯ ಗೌಜ ಅಗ್ರಹಾರದ ತಾಮ್ರಶಾಸನದ ಕಥೆ ಇನ್ನೂ ಬೋಧಪ್ರದವಾದುದು. ಅದನ್ನು ಕೊಟ್ಟವನು ಪರೀಕ್ಷಿತನ ಮಗನಾದ ಜನಮೇಜಯ ಚಕ್ರವರ್ತಿಯೇ ಎಂದೂ, ಸರ್ಪಯಾಗದ ಸಂದರ್ಭದಲ್ಲಿ ಸೂರ್ಯಗ್ರಹಣಕಾಲದಲ್ಲಿ ಕೊಟ್ಟನೆಂದೂ ಅದು ಹೇಳುತ್ತದೆ. ಶಾಸನವನ್ನು ರಚಿಸಿದವನು ಪುರಾಣಪ್ರಸಿದ್ಧವಾದ ಹೆಸರನ್ನು ತಂದು ಗೌರವವನ್ನು ಗಳಿಸಿದನು. ಆದರೆ ಗ್ರಹಣದ ವಿವರವನ್ನು ಬರೆದುದರಿಂದ ಸಿಕ್ಕಿಬಿದ್ದನು. ಇಂಗ್ಲೆಂಡಿನ ರಾಜಜ್ಯೋತಿಷಿಯಾಗಿದ್ದ ಸರ್ ಜಾರ್ಜ್ ಏರಿ ಅವರ ಗಣನೆಯಂತೆ ಆ ವಿವರಕ್ಕೆ ಹೊಂದುವುದು ಕ್ರಿ.ಶ. ೧೫೨೧ನೆಯ ಏಪ್ರಿಲ್ ೭ರ ಗ್ರಹಣ. ಶಾಸನವು ಹುಟ್ಟಿದ ಕಾಲದ ವಿಷಯದಲ್ಲಿ ಲಿಪಿಯನ್ನೂ ಬಿರುದುಗಳನ್ನೂ ನೋಡಿ ಬೇರೆ ರೀತಿಯಲ್ಲಿ ಯೋಚಿಸಲು ಅವಕಾಶವಿದ್ದರೂ, ಅದು ಜನಮೇಜಯನದಲ್ಲವೆಂಬುದು ನಿಸ್ಸಂಶಯ. ಕೊಳಗಲ್ಲಿನ ಶಾಸನವನ್ನು ಎತ್ತಿಹಿಡಿದ ಆಕಾಶವೇ ಗೌಜ ಅಗ್ರಹಾರದ ಶಾಸನವನ್ನು ಕೆಡವಿತು. ಎರಡು ಸಂದರ್ಭಗಳಲ್ಲಿಯೂ ತೀರ್ಪನ್ನು ಕೊಟ್ಟುದು ಲೇಖದ ಹೊರಗಿನ ಸಾಕ್ಷಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಸಂಶಯವೂ ಮಿತಿಮೀರಬಹುದು. ಗಂಗರ ಪೆನುಕೊಂಡ ತಾಮ್ರಪಟಗಳು ದೊರೆತಾಗ ಫ್ಲೀಟ್ ಅವರೇ ಅವನ್ನು ನೈಜವೆಂದು ಒಪ್ಪಿಕೊಂಡರು. ಎಲ್ಲವನ್ನೂ ನಂಬುವುದು ಹೇಗೆ ತಪ್ಪೋ ಎಲ್ಲವನ್ನೂ ತಳ್ಳಿಹಾಕುವುದೂ ಹಾಗೆಯೇ ತಪ್ಪು. ಬೇಕಾದುದು ಪರೀಕ್ಷೆ.

೫

ತಾಮ್ರಪಟದಿಂದ ಇ-ಮೇಲಿಗೆ ಒಮ್ಮೆಲೇ ಬರುವ ಮೊದಲು ನಡುವಣ ಒಂದು ಘಟ್ಟವನ್ನು ನೋಡಬೇಕು. ಆಧುನಿಕ ಕಾಲದಲ್ಲಿ ಭೂಮಿಯ ಕ್ರಯಕ್ಕೂ ಕರಾರಿಗೂ ತಾಮ್ರಮುದ್ರೆಯ ಸ್ಥಾನದಲ್ಲಿ ಬಂದುದು ಸರಕಾರದ ಛಾಪಾ ಕಾಗದ. ಛಾಪಾ ಕಾಗದದ ಮೇಲೆ ಬರೆದುದು ಸತ್ಯವೆಂದು ಭಾವಿಸುವ ರೂಢಿ ನಮ್ಮ ಜನರಲ್ಲಿ ಬಲವಾಗಿ ಬೇರೂರಿತು. ವಾಸ್ತವವಾಗಿ ಛಾಪೆಯು ಸುಂಕ ಸಂದಾಯವಾದುದಕ್ಕೆ ಗುರುತೇ ಹೊರತು ಬರಹದ ಸತ್ಯತೆಗೆ ಗುರುತಲ್ಲ. ಒಂದು ಗುರುತು ತಾನು ಹೇಳದಿರುವುದನ್ನೂ ಹೇಳುತ್ತದೆಯೆಂದು ಜನರು ತಿಳಿಯುವುದಕ್ಕೆ ಇದು ಉತ್ತಮ ಉದಾಹರಣೆ.

ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯು ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡನು. ನಾಸಿಕದ ಸರಕಾರಿ ಮುದ್ರಣಾಲಯವು ವಿಲೇವಾರಿ ಮಾಡಿದ ಯಂತ್ರಗಳನ್ನು ಪಡೆದು ನಕಲಿ ಛಾಪಾ ಕಾಗದಗಳನ್ನು ಮುದ್ರಿಸಿ, ಬ್ಯಾಂಕುಗಳು ವಿಮಾ ಕಂಪನಿಗಳು ಮೊದಲಾದ ದೊಡ್ಡ ಸಂಸ್ಥೆಗಳಿಗೇ ಮಾರಿದನು. ೨೦೦೧ರಲ್ಲಿ ಅವನ ಬಂಧನವಾಯಿತು. ಅನಂತರ ನ್ಯಾಯಾಲಯಗಳು ದೀರ್ಘ ಶಿಕ್ಷೆಯನ್ನು ವಿಧಿಸಿದವು. ೨೦೧೭ರಲ್ಲಿ ಶಿಕ್ಷೆಯನ್ನು ಅನುಭವಿಸುತ್ತಿರುವಾಗಲೇ ಬೆಂಗಳೂರಿನಲ್ಲಿ ತೀರಿಕೊಂಡನು. ಮೋಸಹೋದವರು ಅಕ್ಷರ ಬಾರದವರಲ್ಲ, ದಿನವೂ ಛಾಪಾ ಕಾಗದವನ್ನು ನೋಡುವ ಸಂಸ್ಥೆಗಳು ಎಂಬುದು ವಿಚಾರಾರ್ಹ. ದಿನವೂ ನೋಡುವ ಗುರುತನ್ನು ಯಾರೂ ಪರೀಕ್ಷಿಸುವುದಿಲ್ಲ. ಮುಂದೆ ಬಂದ ಇ-ಸ್ಟ್ಯಾಂಪ್ ಪದ್ಧತಿಯಲ್ಲಿ ಪ್ರತಿಯೊಂದು ಪತ್ರಕ್ಕೂ ಒಂದು ಸಂಖ್ಯೆಯಿದ್ದು, ಆ ಸಂಖ್ಯೆಯನ್ನು ಕಾಗದದ ಹೊರಗಿರುವ ದಾಖಲೆಯಲ್ಲಿ ಹೋಲಿಸಿ ನೋಡುವ ಸೌಲಭ್ಯ ಒದಗಿತು. ಇಲ್ಲಿಯೂ ಪರಿಹಾರವು ಗುರುತನ್ನು ಮತ್ತಷ್ಟು ಅಲಂಕರಿಸುವುದರಿಂದ ಬರಲಿಲ್ಲ, ಹೊರಗಿನ ಸಾಕ್ಷಿಯಿಂದ ಬಂದಿತು.

೬

ಇನ್ನು ಇ-ಮೇಲಿನ ಒಕ್ಕಣೆ. ೧೯೯೯ರ ಮಾರ್ಚಿನಲ್ಲಿ ಮೆಲಿಸ್ಸಾ ಎಂಬ ವೈರಸ್ಸೂ, ೨೦೦೦ದ ಮೇ ತಿಂಗಳಲ್ಲಿ ಪ್ರೇಮಪತ್ರದ ವೇಷದಲ್ಲಿ ಬಂದ ‘ಐ ಲವ್ ಯೂ’ ಎಂಬ ಉಪದ್ರವಕಾರಿ ತಂತ್ರಾಂಶವೂ ಇ-ಮೇಲಿನ ಲಗತ್ತುಗಳ ಮೂಲಕ ಲೋಕವೆಲ್ಲ ಹರಡಿದವು. ಅವು ಅಪರಿಚಿತರಿಂದ ಬಂದಂತೆ ಕಾಣುತ್ತಿರಲಿಲ್ಲ. ಒಬ್ಬನ ಗಣಕಯಂತ್ರವನ್ನು ಹೊಕ್ಕು, ಅಲ್ಲಿದ್ದ ವಿಳಾಸಗಳಿಗೆಲ್ಲ ಅವನ ಹೆಸರಿನಲ್ಲಿಯೇ ಪತ್ರಗಳನ್ನು ಕಳುಹಿಸುತ್ತಿದ್ದವು. ಹೀಗಿರುವಲ್ಲಿ ಜನರಲ್ಲಿ ಭೀತಿ ಹುಟ್ಟಿದುದು ಸಹಜ. ಆ ಭೀತಿಗೆ ಉತ್ತರವಾಗಿ ಕೆಲವು ವೈರಸ್-ನಿವಾರಕ ತಂತ್ರಾಂಶಗಳು ಹೊರಹೋಗುವ ಪತ್ರದ ಅಡಿಯಲ್ಲಿ ತಾವು ಪರೀಕ್ಷಿಸಿರುವುದಾಗಿ ಷರಾ ಬರೆಯತೊಡಗಿದವು. ಈಗಿನ ಚೆಕ್ ಗಣರಾಜ್ಯದ ಬ್ರನೋ ನಗರದಲ್ಲಿ ೧೯೯೧ರಲ್ಲಿ ಸ್ಥಾಪಿತವಾದ ಗ್ರಿಸಾಫ್ಟ್ ಸಂಸ್ಥೆಯ ಎವಿಜಿ ತಂತ್ರಾಂಶದ ಷರಾ ಇವುಗಳಲ್ಲಿ ಬಹಳ ಪ್ರಸಿದ್ಧ. ಪತ್ರವು ವೈರಸ್‌ಮುಕ್ತವೆಂದು ಪ್ರಮಾಣೀಕರಿಸಲಾಗಿದೆ ಎಂದು ಹೇಳಿ, ತಂತ್ರಾಂಶದ ಆವೃತ್ತಿಯನ್ನೂ ವೈರಸ್ ಪಟ್ಟಿಯ ಸಂಖ್ಯೆಯನ್ನೂ ಆ ಪಟ್ಟಿ ಹೊರಟ ದಿನಾಂಕವನ್ನೂ ಅದು ಕೊಡುತ್ತಿದ್ದಿತು. ಅದೇ ದೇಶದ ಅವಾಸ್ಟ್ ಸಂಸ್ಥೆಯ ತಂತ್ರಾಂಶವೂ ಇಂಥ ಒಕ್ಕಣೆಯನ್ನು ಸೇರಿಸುತ್ತಿದ್ದಿತು. ೨೦೧೬ರಲ್ಲಿ ಎವಿಜಿಯನ್ನು ಅವಾಸ್ಟ್ ಕೊಂಡುಕೊಂಡಿತು.

ಈ ಒಕ್ಕಣೆಯನ್ನು ಶಾಸನಪರೀಕ್ಷೆಯ ಕ್ರಮದಲ್ಲಿಯೇ ಪರೀಕ್ಷಿಸೋಣ.

ಮೊದಲನೆಯದಾಗಿ, ಒಕ್ಕಣೆಗೂ ಪತ್ರಕ್ಕೂ ಇರುವ ಸಂಬಂಧವೇನು? ಏನೂ ಇಲ್ಲ. ಅದು ಪತ್ರದ ಉಳಿದ ಸಾಲುಗಳಂತೆಯೇ ಒಂದು ಸಾಲು. ಯಾರು ಬೇಕಾದರೂ ಅದನ್ನು ಕೈಯಿಂದ ಬರೆಯಬಹುದು, ಇನ್ನೊಂದು ಪತ್ರದಿಂದ ಎತ್ತಿ ಇಡಬಹುದು. ತಾಮ್ರಪಟಕ್ಕೆ ಬೆಸೆದ ಬಳೆಯಾದರೂ ಇದ್ದಿತು; ಇಲ್ಲಿ ಅದೂ ಇಲ್ಲ. ಉತ್ತರ ಬರೆಯುವಾಗ ಹಿಂದಿನ ಪತ್ರದ ಒಕ್ಕಣೆಯು ಹಾಗೆಯೇ ಉಳಿದುಬರುತ್ತದೆ. ನಾಲ್ಕು ಜನರ ಕೈ ದಾಟಿದ ಪತ್ರದಲ್ಲಿ ಯಾರ ಗಣಕಯಂತ್ರದಲ್ಲಿ ಎಂದು ನಡೆದ ಪರೀಕ್ಷೆಯ ಷರಾ ಅದೆಂದು ಹೇಳುವುದೇ ಕಷ್ಟವಾಗುತ್ತದೆ.

ಎರಡನೆಯದಾಗಿ, ಪರೀಕ್ಷೆ ನಿಜವಾಗಿ ನಡೆದಿದ್ದರೂ ಅದರ ಅರ್ಥವೆಷ್ಟು? ವೈರಸ್-ನಿವಾರಕವು ಮುಖ್ಯವಾಗಿ ತನಗೆ ತಿಳಿದ ವೈರಸ್ಸುಗಳ ಲಕ್ಷಣಪಟ್ಟಿಯೊಡನೆ ಕಡತವನ್ನು ಹೋಲಿಸಿ ನೋಡುತ್ತದೆ. ಇಂದು ಬೆಳಿಗ್ಗೆ ಹುಟ್ಟಿದ ವೈರಸ್ಸಿನ ಲಕ್ಷಣವು ನಿನ್ನೆಯ ಪಟ್ಟಿಯಲ್ಲಿರಲಾರದು. ಆಧುನಿಕ ತಂತ್ರಾಂಶಗಳು ಕಡತದ ವರ್ತನೆಯನ್ನೂ ಗಮನಿಸುತ್ತವೆಯಾದರೂ, ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಕ್ರಮವಿರಲು ಸಾಧ್ಯವಿಲ್ಲವೆಂಬುದನ್ನು ಅಮೆರಿಕದ ಫ್ರೆಡ್ ಕೋಹೆನ್ ಅವರು ೧೯೮೦ರ ದಶಕದಲ್ಲಿಯೇ ತರ್ಕದಿಂದ ಸಿದ್ಧಪಡಿಸಿದರು. ಆದುದರಿಂದ ಪರೀಕ್ಷಕನು ಪ್ರಾಮಾಣಿಕವಾಗಿ ಹೇಳಬಹುದಾದುದು ‘ಇಂಥ ದಿನದ ಪಟ್ಟಿಯಂತೆ ನಮಗೆ ಏನೂ ಕಾಣಲಿಲ್ಲ’ ಎಂದಷ್ಟೇ. ಕಾಣಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಇತಿಹಾಸದ ವಿದ್ಯಾರ್ಥಿಗೆ ಹೇಳಿಕೊಡಬೇಕಾಗಿಲ್ಲ. ಒಕ್ಕಣೆಯಲ್ಲಿದ್ದ ದಿನಾಂಕವೊಂದೇ ಈ ಅಂತರವನ್ನು ಸೂಚಿಸುವ ಭಾಗ. ಓದುವವರ ಕಣ್ಣು ನಿಲ್ಲದ ಭಾಗವೂ ಅದೇ.

ಮೂರನೆಯದಾಗಿ, ಕೂಟವು ನಡೆದುದುಂಟೇ? ಉಂಟು. ೨೦೦೪ರ ಫೆಬ್ರವರಿಯಲ್ಲಿ ಕಾಣಿಸಿಕೊಂಡ ನೆಟ್‌ಸ್ಕೈ ಎಂಬುದು ಇ-ಮೇಲಿನ ಮೂಲಕ ಹರಡಿತು. ಅದರ ಕೆಲವು ರೂಪಗಳು ಕಳುಹಿಸಿದ ಪತ್ರಗಳ ಅಡಿಯಲ್ಲಿ, ಲಗತ್ತಿನಲ್ಲಿ ವೈರಸ್ ಕಂಡುಬಂದಿಲ್ಲವೆಂಬ ಒಕ್ಕಣೆಯಿದ್ದಿತು. ಅದರ ಪಕ್ಕದಲ್ಲಿ ನಾರ್ಟನ್, ಪಾಂಡಾ ಮೊದಲಾದ ಹೆಸರಾಂತ ವೈರಸ್-ನಿವಾರಕಗಳ ಹೆಸರುಗಳಿದ್ದವು. ಲಗತ್ತನ್ನು ತೆರೆದವನ ಗಣಕಯಂತ್ರಕ್ಕೆ ಆ ಒಕ್ಕಣೆಯನ್ನು ಬರೆದ ಉಪದ್ರವವೇ ಹೊಕ್ಕಿತು. ಆ ಹೆಸರುಗಳ ಸಂಸ್ಥೆಗಳಿಗೂ ಆ ಪತ್ರಕ್ಕೂ ಸಂಬಂಧವಿರಲಿಲ್ಲ. ಜನಮೇಜಯನಿಗೂ ಗೌಜ ಅಗ್ರಹಾರಕ್ಕೂ ಇದ್ದ ಸಂಬಂಧವೇ ಅದು. ಇದನ್ನು ರಚಿಸಿದವನು ಜರ್ಮನಿಯ ಒಬ್ಬ ಹದಿಹರೆಯದ ವಿದ್ಯಾರ್ಥಿ. ೨೦೦೪ರ ಮೇ ತಿಂಗಳಲ್ಲಿ ಅವನು ಪೋಲೀಸರಿಗೆ ಸಿಕ್ಕಿದನು. ಅದೇ ವರ್ಷ ಹರಡಿದ ಬೇಗಲ್ ಎಂಬುದರ ಕೆಲವು ರೂಪಗಳು ಲಗತ್ತನ್ನು ಸಂಕೇತಪದದಿಂದ ಬೀಗ ಹಾಕಿ, ಸಂಕೇತಪದವನ್ನು ಪತ್ರದಲ್ಲಿಯೇ ಬರೆದು ಕಳುಹಿಸಿದವು. ಬೀಗ ಹಾಕಿದ ಕಡತದ ಒಳಗನ್ನು ಪರೀಕ್ಷಕ ತಂತ್ರಾಂಶವು ಸುಲಭವಾಗಿ ನೋಡಲಾರದಾಯಿತು. ಓದುಗನು ತಾನೇ ಬೀಗ ತೆಗೆದು ಒಳಗೆ ಕರೆದುಕೊಂಡನು.

೭

ಒಕ್ಕಣೆಯಿಂದ ಲಾಭವಿಲ್ಲದಿದ್ದರೆ ಹಾನಿಯೇನು ಎಂದು ಯಾರಾದರೂ ಕೇಳಬಹುದು. ಹಾನಿಯು ಅದು ಓದುವವನಲ್ಲಿ ಬೆಳೆಸುವ ಅಭ್ಯಾಸದಲ್ಲಿದೆ. ಇದೇ ಜಾತಿಯ ಗುರುತುಗಳ ವಿಷಯದಲ್ಲಿ ಪಾಶ್ಚಾತ್ಯ ವಿದ್ವಾಂಸರು ನಡೆಸಿದ ಪರಿಶೀಲನೆಗಳು ಇಲ್ಲಿ ಉಪಯುಕ್ತವಾಗಿವೆ. ಬ್ಯಾಂಕಿನ ಜಾಲತಾಣವು ನೈಜವೆಂದು ಗ್ರಾಹಕನಿಗೆ ತಿಳಿಯಲೆಂದು, ಅವನೇ ಆರಿಸಿಕೊಂಡ ಚಿತ್ರವೊಂದನ್ನು ತೋರಿಸುವ ಪದ್ಧತಿಯಿದ್ದಿತು. ೨೦೦೭ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆ ಚಿತ್ರವನ್ನೇ ತೆಗೆದುಹಾಕಿ ನೋಡಲಾಯಿತು. ತಮ್ಮ ಸ್ವಂತ ಖಾತೆಗಳನ್ನು ಬಳಸಿದ ೨೫ ಜನರಲ್ಲಿ ೨೩ ಜನರು ಚಿತ್ರವಿಲ್ಲದಿದ್ದರೂ ಸಂಕೇತಪದವನ್ನು ಬರೆದುಕೊಟ್ಟರು. ಗುರುತು ಇದ್ದಾಗ ಜನರು ಧೈರ್ಯಗೊಳ್ಳುವರು, ಇಲ್ಲದಿದ್ದಾಗ ಎಚ್ಚರಗೊಳ್ಳುವುದಿಲ್ಲ. ಒಂದೇ ಕಡೆಗೆ ತೂಗುವ ತಕ್ಕಡಿ ಇದು.

ಬೆಂಜಮಿನ್ ಎಡೆಲ್‌ಮನ್ ಅವರ ಅಧ್ಯಯನವು ಇನ್ನೊಂದು ಮುಖವನ್ನು ತೋರಿಸುತ್ತದೆ. ಗ್ರಾಹಕರ ಮಾಹಿತಿಯನ್ನು ಸರಿಯಾಗಿ ಕಾಪಾಡುವರೆಂದು ಜಾಲತಾಣಗಳಿಗೆ ಮುದ್ರೆ ಕೊಡುತ್ತಿದ್ದ ಟ್ರಸ್ಟ್‌ಈ ಎಂಬ ಸಂಸ್ಥೆಯ ಮುದ್ರೆ ಪಡೆದ ತಾಣಗಳನ್ನೂ ಪಡೆಯದ ತಾಣಗಳನ್ನೂ ಅವರು ಹೋಲಿಸಿದರು. ಮುದ್ರೆ ಪಡೆದ ತಾಣಗಳು ನಂಬಿಕೆಗೆ ಅನರ್ಹವಾಗಿರುವ ಸಂಭವವು ಮುದ್ರೆಯಿಲ್ಲದವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು. ಸ್ವತಃ ಒಳ್ಳೆಯ ಹೆಸರುಳ್ಳವನಿಗೆ ಮುದ್ರೆಯ ಹಂಗಿಲ್ಲ. ಹೆಸರಿಲ್ಲದವನು ಮುದ್ರೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಮುದ್ರೆಯನ್ನು ಕೊಡುವವನು ಕಟ್ಟುನಿಟ್ಟಾಗಿ ಪರೀಕ್ಷಿಸದಿದ್ದರೆ ಹೀಗಾಗುವುದು ಅನಿವಾರ್ಯ. ಆಡಂಬರದ ವಂಶಾವಳಿಯುಳ್ಳ ಕೂಟಶಾಸನಗಳನ್ನು ಓದಿದವರಿಗೆ ಇದು ಆಶ್ಚರ್ಯವೆನಿಸದು. ಜಾಲತಾಣದ ವಿಳಾಸದ ಪಕ್ಕದಲ್ಲಿ ಕಾಣುತ್ತಿದ್ದ ಬೀಗದ ಚಿಹ್ನೆಯ ಗತಿಯೂ ಹೀಗೆಯೇ ಆಯಿತು. ಅದರ ಅರ್ಥ ಸಂಪರ್ಕವು ಗುಪ್ತವಾಗಿದೆ ಎಂದಷ್ಟೇ. ತಾಣವೇ ಸುರಕ್ಷಿತವೆಂದು ಜನರು ಭಾವಿಸುತ್ತಿದ್ದುದರಿಂದ ಗೂಗಲ್ ಸಂಸ್ಥೆಯು ೨೦೨೩ರಲ್ಲಿ ತನ್ನ ಕ್ರೋಮ್ ವೀಕ್ಷಕದಿಂದ ಆ ಚಿಹ್ನೆಯನ್ನು ತೆಗೆದುಹಾಕಿತು.

೮

ಹಾಗಾದರೆ ಸಂಚರಿಸುವ ಲೇಖಕ್ಕೆ ನಂಬತಕ್ಕ ಮುದ್ರೆಯೇ ಇಲ್ಲವೇ? ಮುದ್ರೆ ಮತ್ತು ಬರಹವನ್ನು ಬೆಸೆಯುವ ತಾಮ್ರದ ಬಳೆಗೆ ಸಮಾನವಾದ ಸಾಧನವು ಇಂದು ಇದೆ. ಡಿಜಿಟಲ್ ಸಹಿಯೆಂದರೆ ಅದೇ. ಬರಹದ ಪ್ರತಿಯೊಂದು ಅಕ್ಷರವನ್ನೂ ಸೇರಿಸಿ ಲೆಕ್ಕ ಮಾಡಿದ ಸಂಖ್ಯೆಯೊಂದಕ್ಕೆ, ಸಹಿ ಮಾಡುವವನು ತನ್ನ ಬಳಿ ಗುಪ್ತವಾಗಿರುವ ಕೀಲಿಯಿಂದ ಗುರುತು ಹಾಕುತ್ತಾನೆ. ಓದುವವನು ಬಹಿರಂಗವಾಗಿರುವ ಇನ್ನೊಂದು ಕೀಲಿಯಿಂದ ಅದನ್ನು ತಾಳೆ ನೋಡುತ್ತಾನೆ. ನಡುವೆ ಒಂದು ಅಕ್ಷರ ಬದಲಾದರೂ ತಾಳೆಯಾಗುವುದಿಲ್ಲ. ಭಾರತದಲ್ಲಿ ೨೦೦೦ದ ಅಕ್ಟೋಬರ್ ೧೭ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇಂಥ ಸಹಿಗೆ ಕಾನೂನಿನ ಮಾನ್ಯತೆಯನ್ನು ಕೊಟ್ಟಿತು. ಇ-ಮೇಲಿಗೂ ಇದೇ ತತ್ತ್ವದ ಡಿಕೆಐಎಂ ಎಂಬ ಪದ್ಧತಿ ೨೦೦೭ರಿಂದ ಪ್ರಮಾಣಿತ ರೂಪದಲ್ಲಿದೆ. ಅದರ ಪರೀಕ್ಷೆಯನ್ನು ಪತ್ರವನ್ನು ಪಡೆಯುವ ಯಂತ್ರವೇ ನಡೆಸುತ್ತದೆ. ಓದುಗನಿಗೆ ಸಾಮಾನ್ಯವಾಗಿ ಅದು ಕಾಣುವುದೂ ಇಲ್ಲ. ಕೆಲಸ ಮಾಡುವ ಮುದ್ರೆಯು ಕಣ್ಣಿಗೆ ಬೀಳದಿರುವುದೂ, ಕಣ್ಣಿಗೆ ಬೀಳುವ ಒಕ್ಕಣೆಯು ಕೆಲಸ ಮಾಡದಿರುವುದೂ ವಿಚಿತ್ರವಾದರೂ ನಿಜ.

ಆದಾಗ್ಯೂ ಈ ಮುದ್ರೆಗೂ ಎರಡು ಮಿತಿಗಳುಂಟು. ಪತ್ರವು ಎಲ್ಲಿಂದ ಬಂದಿತು, ದಾರಿಯಲ್ಲಿ ಬದಲಾಯಿತೇ ಎಂಬುದನ್ನು ಅದು ಹೇಳಬಲ್ಲದು. ಒಳಗಿರುವುದು ಒಳ್ಳೆಯದೇ ಎಂಬುದನ್ನು ಹೇಳಲಾರದು. ಎರಡನೆಯ ಮಿತಿಯು ಇನ್ನೂ ಗಂಭೀರವಾದುದು. ಮುದ್ರೆ ಒತ್ತುವ ಕೈಯೇ ದುರುಪಯೋಗಕ್ಕೆ ಸಿಕ್ಕಿದರೆ ಮುದ್ರೆಯ ಬಲವೇ ವಂಚನೆಯ ಬಲವಾಗುತ್ತದೆ. ೨೦೧೦ರಲ್ಲಿ ಬೆಳಕಿಗೆ ಬಂ ಸ್ಟಕ್ಸ್‌ನೆಟ್ ಎಂಬುದು ತೈವಾನಿನ ಎರಡು ಸಂಸ್ಥೆಗಳಿಂದ ಕದ್ದ ಕೀಲಿಗಳ ಸಹಿಯನ್ನು ಹೊತ್ತಿದ್ದಿತು. ನಮ್ಮ ದೇಶದಲ್ಲಿಯೇ ೨೦೧೪ರ ಜುಲೈ ತಿಂಗಳ ಮೊದಲ ವಾರದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್ಲಿನ ಕೆಲವು ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿದ್ದುದು ಪತ್ತೆಯಾಯಿತು. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಕೂಡಲೇ ಆ ಕೇಂದ್ರದ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಆ ಪತ್ರಗಳು ನಕಲಿಯಾಗಿರಲಿಲ್ಲ. ನೈಜವಾದ ಮುದ್ರೆಯನ್ನೇ ಹೊತ್ತಿದ್ದವು. ಆದರೆ ಮುದ್ರೆಯನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಅಲ್ಲಿ ಇದ್ದಿತು. ಹರ್ಷನು ಕೂಟಶಾಸನವನ್ನು ಮುರಿಸಿದಂತೆ ಇಲ್ಲಿಯೂ ಅದನ್ನು ಮುರಿಯಲು ಒಬ್ಬ ಅಧಿಕಾರಿ ಇದ್ದನು. ಪತ್ರದ ಅಡಿಯ ಒಕ್ಕಣೆಯನ್ನು ಹಾಗೆ ಹಿಂದಕ್ಕೆ ಪಡೆಯುವವರು ಯಾರೂ ಇಲ್ಲ. ಒಮ್ಮೆ ಬರೆದುದು ತಪ್ಪೆಂದು ತಿಳಿದ ಮೇಲೂ ಅದು ಪತ್ರದಿಂದ ಪತ್ರಕ್ಕೆ ಸಾಗುತ್ತಲೇ ಇರುತ್ತದೆ.

೯

ಮೇಲೆ ಹೇಳಿದುದನ್ನು ಒಟ್ಟುಗೂಡಿಸಿ ನೋಡಿದರೆ ನಿರ್ಣಯವು ಕಷ್ಟವಲ್ಲ. ಗಣಕಯಂತ್ರದಲ್ಲಿ ವೈರಸ್ ಪರೀಕ್ಷೆ ನಡೆಯುವುದು ಬೇರೆ. ಪರೀಕ್ಷೆ ನಡೆಯಿತೆಂದು ಪತ್ರದಲ್ಲಿ ಬರೆಯುವುದು ಬೇರೆ. ಮೊದಲನೆಯದು ಪ್ರಯೋಜನಕರ, ಅದನ್ನು ಬಿಡಬೇಕೆಂದು ಈ ಲೇಖನದ ಅಭಿಪ್ರಾಯವಲ್ಲ. ಎರಡನೆಯದು ಪತ್ರವನ್ನು ಕಳುಹಿಸಿದವನು ತನ್ನ ಪತ್ರದ ವಿಷಯದಲ್ಲಿ ತಾನೇ ನುಡಿಯುವ ಸಾಕ್ಷಿ. ಅದನ್ನು ನಂಬುವುದೆಂದರೆ, ಯಾರನ್ನು ಪರೀಕ್ಷಿಸಬೇಕೋ ಅವನ ಮಾತನ್ನೇ ಪರೀಕ್ಷೆಯ ಫಲಿತಾಂಶವೆಂದು ಒಪ್ಪಿಕೊಂಡಂತೆ.

ಇದರಿಂದ ಎರಡು ಕರ್ತವ್ಯಗಳು ಹುಟ್ಟುತ್ತವೆ. ಪತ್ರವನ್ನು ಪಡೆಯುವವನು ಒಕ್ಕಣೆಯನ್ನು ಇಲ್ಲದಂತೆಯೇ ಎಣಿಸಬೇಕು. ತನ್ನ ಯಂತ್ರದ ತಂತ್ರಾಂಶವನ್ನು ಹೊಸದಾಗಿಟ್ಟುಕೊಂಡು ತಾನೇ ಪರೀಕ್ಷಿಸಬೇಕು. ನಿರೀಕ್ಷಿಸದ ಲಗತ್ತು ಪರಿಚಿತರ ಹೆಸರಿನಲ್ಲಿ ಬಂದಿದ್ದರೂ, ದೂರವಾಣಿಯಲ್ಲಿ ಒಂದು ಮಾತು ಕೇಳಿ ತೆರೆಯಬೇಕು. ಆ ದೂರವಾಣಿಯ ಸಂಖ್ಯೆಯನ್ನು ಅದೇ ಪತ್ರದಿಂದ ತೆಗೆದುಕೊಳ್ಳಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪತ್ರವನ್ನು ಕಳುಹಿಸುವವನು ತನ್ನ ತಂತ್ರಾಂಶದ ಒಕ್ಕಣೆಯನ್ನು ನಿಲ್ಲಿಸಬೇಕು. ಅದರಿಂದ ಅವನಿಗೆ ನಷ್ಟವಿಲ್ಲ. ಅವನ ವಿದ್ಯಾರ್ಥಿಗಳಿಗೆ ಮುಂದೊಂದು ದಿನ ಅಂಥದೇ ಒಕ್ಕಣೆಯುಳ್ಳ ಕೂಟಪತ್ರವು ಬಂದಾಗ, ಅದನ್ನು ನಂಬುವ ರೂಢಿಯನ್ನು ಅವನು ಕಲಿಸಿದಂತಾಗುವುದಿಲ್ಲ.

ಕೊಳಗಲ್ಲಿನ ಶಾಸನವನ್ನು ಬರೆಯಿಸಿದವರು ಅದು ಸತ್ಯವೆಂದು ಪ್ರಮಾಣೀಕರಿಸಲಾಗಿದೆ ಎಂದು ನಮಗಾಗಿ ಬರೆಯಿಸಲಿಲ್ಲ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಬರೆಯಿಸಿದರು. ಸಾವಿರ ವರ್ಷಗಳ ಅನಂತರ ಬಂದವನೂ ಅವುಗಳನ್ನು ತಾನೇ ಲೆಕ್ಕ ಹಾಕಿ ನೋಡಬಹುದಾಗಿದೆ. ನಂಬಿ ಎನ್ನುವ ಲೇಖಕ್ಕಿಂತ, ನೋಡಿಕೊಳ್ಳಿ ಎಂದು ಅವಕಾಶ ಕೊಡುವ ಲೇಖವು ಹೆಚ್ಚು ನಂಬಿಕೆಗೆ ಅರ್ಹವಾದುದು. ಶಾಸನಗಳನ್ನು ಓದುವಾಗ ನಾವು ಪಾಲಿಸುವ ಈ ನಿಯಮವನ್ನು ದಿನದ ಪತ್ರಗಳನ್ನು ತೆರೆಯುವಾಗಲೂ ಪಾಲಿಸುವುದು ಕ್ಷೇಮ.